ಎಚ್‌ಐವಿ ತಡೆಯುವ ಮಾತ್ರೆಗೆ ಅಡ್ಡಿಯಾದವರು ಯಾರು?

2024ರ ಆಗಸ್ಟ್ ತಿಂಗಳಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ ಗಂಗಾವತಿ ಭಾಗದ ರೈತರು ಪಟ್ಟ ಆತಂಕವನ್ನು ನಾವಿನ್ನೂ ಮರೆತಿಲ್ಲ. ಒಡೆದ ಮೇಲಿನ ಪರದಾಟಕ್ಕಿಂತ ಒಡೆಯುವ ಮುನ್ನಿನ ಕಾವಲು ಲೇಸೆಂಬ ಪಾಠವನ್ನು ಆ ಘಟನೆ ಕಲಿಸಿತು. ಇದೇ ವಿವೇಕವನ್ನು ಮನುಷ್ಯಜೀವದ ವಿಷಯದಲ್ಲಿ ನಾವು ತೋರುತ್ತಿದ್ದೇವೆಯೇ?

ಎಚ್‌ಐವಿ ಸೋಂಕು ತಗುಲುವ ಮುನ್ನವೇ ಅದನ್ನು ತಡೆಯಬಲ್ಲ ಮಾತ್ರೆಯೊಂದಿದೆ. ವೈದ್ಯರು ಇದನ್ನು ‘ಪ್ರೆಪ್’ ಎನ್ನುತ್ತಾರೆ. ಟೆನೊಫೊವಿರ್ ಮತ್ತು ಎಮ್ಟ್ರಿಸಿಟಬಿನ್ ಎಂಬ ಎರಡು ಔಷಧಗಳು ಸೇರಿದ ಮಾತ್ರೆಗೆ ಅಮೆರಿಕ 2012ರಲ್ಲಿ ಅನುಮತಿ ನೀಡಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೋಂಕಿನ ಅಪಾಯ ಹೆಚ್ಚಿರುವವರಿಗೆಲ್ಲ ಇಂಥ ಔಷಧಿಯನ್ನು ಶಿಫಾರಸು ಮಾಡಿತು. ಸೋಂಕಿಲ್ಲವೆಂದು ರಕ್ತಪರೀಕ್ಷೆಯಿಂದ ಖಚಿತಪಡಿಸಿಕೊಂಡು, ವೈದ್ಯರ ಸಲಹೆಯಂತೆ ದಿನಕ್ಕೊಂದು ಮಾತ್ರೆ ಸೇವಿಸಬೇಕು. ಮೂರು ತಿಂಗಳಿಗೊಮ್ಮೆ ಮರುಪರೀಕ್ಷೆ ಮಾಡಿಸಿಕೊಳ್ಳಬೇಕು. ತಪ್ಪದೆ ಸೇವಿಸಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ತಗುಲುವ ಸಂಭವ ಸುಮಾರು ಶೇ. 99ರಷ್ಟು ತಗ್ಗುತ್ತದೆ. ಇತರ ಗುಹ್ಯರೋಗಗಳನ್ನು ಮಾತ್ರ ಇದು ತಡೆಯದು.

ಇದರ ಅಗತ್ಯವಿರುವವರು ನಮ್ಮ ನಡುವೆಯೇ ಇದ್ದಾರೆ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ 1982ರಲ್ಲೇ ರೂಪುಗೊಂಡರೂ, ಆ ಪದ್ಧತಿ ಮತ್ತು ಬಡತನ ಕೂಡಿ ದೇಹ ಮಾರುವ ಬದುಕಿಗೆ ದೂಡಿದ ಹೆಣ್ಣುಮಕ್ಕಳು ಕೊಪ್ಪಳ ಸೀಮೆಯಲ್ಲಿದ್ದಾರೆ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹೊಲಗಳನ್ನು ಬಿಟ್ಟು ಗೋವಾ, ಮಂಗಳೂರು, ಬೆಂಗಳೂರಿಗೆ ದುಡಿಯಲು ಹೋಗುವವರಿದ್ದಾರೆ. ಕುಷ್ಟಗಿಯ ಹೆದ್ದಾರಿಯಲ್ಲಿ ತಿಂಗಳುಗಟ್ಟಲೆ ಮನೆ ಕಾಣದೆ ತಿರುಗುವ ಲಾರಿ ಚಾಲಕರಿದ್ದಾರೆ. ತಮ್ಮ ಒಲವನ್ನು ಯಾರಿಗೂ ಹೇಳಲಾರದ ಪುರುಷರಿದ್ದಾರೆ.

ಮಾತ್ರೆ ಇವರ ಕೈ ಸೇರಲು ಅಡ್ಡಿಯೇನು? ಹೆಸರನ್ನೇ ಕೇಳದವರು ಹಲವರು. ಸೋಂಕಿತರ ಎಆರ್‌ಟಿ ಚಿಕಿತ್ಸೆ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತಿದೆ. ಈ ಮಾತ್ರೆಯಾದರೋ ಹಾಗೆ ಎಲ್ಲೆಡೆ ಉಚಿತವಲ್ಲ. ಪರೀಕ್ಷೆಗೆ ಪಟ್ಟಣಕ್ಕೆ ಹೋದರೆ ಆ ದಿನದ ಕೂಲಿ ತಪ್ಪುತ್ತದೆ. ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಭಯ. ಟೆನೊಫೊವಿರ್ ಸೋಂಕಿತರ ಚಿಕಿತ್ಸೆಯಲ್ಲೂ ಬಳಕೆಯಾಗುವ ಔಷಧಿ. ಮನೆಯಲ್ಲಿ ಡಬ್ಬಿ ಯಾರ ಕಣ್ಣಿಗಾದರೂ ಬಿದ್ದರೆ, ರೋಗವಿಲ್ಲದವರಿಗೂ ರೋಗಿಯೆಂಬ ಹಣೆಪಟ್ಟಿ ಖಚಿತ. ಗುಳೆಯಿಂದ ಮರಳುವ ಗಂಡನ ಹೆಂಡತಿ ಮಾತ್ರೆ ಕೇಳಿದರೆ, ಗಂಡನ ಮೇಲೆ ಗುಮಾನಿಯೆಂಬ ಅಪವಾದವನ್ನು ಅವಳೇ ಹೊರಬೇಕು.

ಹೀಗೆ ಮಾತ್ರೆಯನ್ನು ತಡೆದಿರುವುದು ಗಂಟಲಲ್ಲ, ಊರಿನ ಕಣ್ಣು. ಆ ಕಣ್ಣುಗಳಲ್ಲಿ ನಮ್ಮವೂ ಎರಡಿವೆ.

ಅಂಜಿಕೆ ಅಳಿದ ಕಡೆ ಏನಾಗುತ್ತದೆಂಬುದಕ್ಕೆ ಮೈಸೂರು ಸಾಕ್ಷಿ. ಅಲ್ಲಿ ಲೈಂಗಿಕ ಕಾರ್ಮಿಕರೇ ಕಟ್ಟಿದ ಆಶೋದಯ ಸಮಿತಿಯು ಪ್ರಾಯೋಗಿಕ ಯೋಜನೆಯೊಂದರಲ್ಲಿ ಆರುನೂರಕ್ಕೂ ಹೆಚ್ಚು ಮಹಿಳೆಯರಿಗೆ ಈ ಮಾತ್ರೆಯನ್ನು ತಲುಪಿಸಿತು. ಬಹುಪಾಲು ಮಹಿಳೆಯರು ಕೊನೆಯವರೆಗೂ ಜೊತೆಯಲ್ಲೇ ಉಳಿದರು. ಅದೇ ಮಾತ್ರೆ, ಅದೇ ಬಡತನ. ಕೊಡುವ ಕೈಗಳು ಮಾತ್ರ ತಮ್ಮವರ ಕೈಗಳಾಗಿದ್ದವು.

‘ಇದು ಸ್ವೇಚ್ಛಾಚಾರಕ್ಕೆ ಪರವಾನಗಿಯಲ್ಲವೇ?’ ಎಂಬ ಆಕ್ಷೇಪವನ್ನು ನಾವು ಬಲ್ಲೆವು. ಕೃತ್ಯವನ್ನು ವಿಮರ್ಶಿಸುವುದು ಬೇರೆ, ಕೃತ್ಯವೆಸಗಿದವನ ಜೀವಕ್ಕೆ ಕಾವಲು ನೀಡದಿರುವುದು ಬೇರೆ. ಬಾವಿಗೆ ಬಿದ್ದವನನ್ನು ಮೇಲೆತ್ತುವ ಮುನ್ನ ಏಕೆ ಬಿದ್ದೆಯೆಂದು ಯಾರೂ ವಿಚಾರಣೆ ನಡೆಸುವುದಿಲ್ಲ. ಮೇಲಾಗಿ, ಯಾವ ತಪ್ಪೂ ಮಾಡದ ಹೆಂಡತಿಗೆ ಈ ಆಕ್ಷೇಪ ಏನು ಉತ್ತರ ಕೊಟ್ಟೀತು? ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದ ಪ್ರಭು ಮೊದಲು ಅವನ ಪೂರ್ವಚರಿತ್ರೆಯನ್ನು ಕೇಳಲಿಲ್ಲ.

ವಿಜ್ಞಾನ ಮುಂದೆ ಸಾಗುತ್ತಿದೆ. ಆರು ತಿಂಗಳಿಗೊಮ್ಮೆ ನೀಡುವ ಲೆನಕಾಪವಿರ್ ಚುಚ್ಚುಮದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2025ರ ಜುಲೈನಲ್ಲಿ ಶಿಫಾರಸು ಮಾಡಿದೆ. ಅದು ಬಂದರೆ ಡಬ್ಬಿ ಬಚ್ಚಿಡುವ ಕಷ್ಟ ತಪ್ಪಬಹುದು. ಆಸ್ಪತ್ರೆಯ ಬಾಗಿಲು ದಾಟುವ ಧೈರ್ಯ ಆಗಲೂ ಬೇಕು.

ಆ ಧೈರ್ಯಕ್ಕೆ ಕಾನೂನಿನ ಬೆಂಬಲವಿದೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಭೇದಭಾವವನ್ನು ನಿಷೇಧಿಸಿ, ಗೋಪ್ಯತೆಯನ್ನು ರಕ್ಷಿಸುತ್ತದೆ. 1097 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಿ ಮಾಹಿತಿ ಪಡೆಯಬಹುದು. ಉಳಿದದ್ದು ನಮ್ಮ ಪಾಲಿನ ಕೆಲಸ. ಪರೀಕ್ಷಾ ಕೇಂದ್ರದ ಮೆಟ್ಟಿಲಲ್ಲಿ ಪರಿಚಿತರೊಬ್ಬರನ್ನು ಕಂಡರೆ, ಆ ಸುದ್ದಿಯನ್ನು ಮನೆಗೆ ಹೊತ್ತು ತಾರದಿರೋಣ.