ಸ್ವತಂತ್ರ ತಂತ್ರಾಂಶ: ಕಾಲೇಜುಗಳು ಹಂಚಿಕೊಳ್ಳುವ ಎಂ.ಎಡ್. ಪತ್ರಿಕೆ ಹೇಗಿರಬೇಕು?

ಎರಡು ಮೂರು ಶಿಕ್ಷಣ ಕಾಲೇಜುಗಳು ಸೇರಿ ಎಂ.ಎಡ್. ಹಂತದಲ್ಲಿ ಸ್ವತಂತ್ರ ತಂತ್ರಾಂಶದ ಬಗ್ಗೆ ಒಂದೇ ಪತ್ರಿಕೆಯನ್ನು ನಡೆಸಬಹುದೇ ಎಂಬ ಚರ್ಚೆ ನಮ್ಮಲ್ಲಿ ನಡೆದಿದೆ. ಒಂದು ಕಾಲೇಜಿನಲ್ಲಿ ಈ ವಿಷಯ ಬಲ್ಲ ಅಧ್ಯಾಪಕರು ಒಬ್ಬರಿದ್ದರೆ ಹೆಚ್ಚು. ಹಾಗಾಗಿ ಹಂಚಿಕೊಳ್ಳದೆ ದಾರಿಯಿಲ್ಲ. ಏನನ್ನು ಹಂಚಿಕೊಳ್ಳಬೇಕು ಎಂಬುದೇ ಪ್ರಶ್ನೆ.

ಯುರೋಪಿನಲ್ಲಿ ಇಂಥ ಪ್ರಯತ್ನ 2008ರಲ್ಲಿ ಶುರುವಾಯಿತು. ಕ್ಯಾಟಲೋನಿಯಾದ ಮುಕ್ತ ವಿಶ್ವವಿದ್ಯಾಲಯ, ನೆದರ್ಲೆಂಡ್ಸ್‌ನ ಮುಕ್ತ ವಿಶ್ವವಿದ್ಯಾಲಯ, ನಾರ್ವೆಯ ಆಗ್ಡರ್ ವಿಶ್ವವಿದ್ಯಾಲಯ ಇವು 'ಫ್ರೀ ಟೆಕ್ನಾಲಜಿ ಅಕಾಡೆಮಿ' ಎಂಬ ಹೆಸರಿನಲ್ಲಿ ಜೊತೆಗೂಡಿ ಸ್ನಾತಕೋತ್ತರ ಹಂತದ ಕೋರ್ಸುಗಳನ್ನು ಅಂತರಜಾಲದ ಮೂಲಕ ನಡೆಸಿದವು. ಪಠ್ಯಸಾಮಗ್ರಿಯನ್ನು ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಪರವಾನಗಿಯಲ್ಲಿ ಹೊರತಂದವು. ನಾವು ಅಲ್ಲಿಂದ ತೆಗೆದುಕೊಳ್ಳಬೇಕಾದುದು ಈ ಕೊನೆಯ ಅಂಶವನ್ನೇ ಎಂದು ನನ್ನ ಅಭಿಪ್ರಾಯ.

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದಂದಿನಿಂದಲೂ ಇಂಗ್ಲಿಷಿನ 'ಫ್ರೀ' ಶಬ್ದ ಗೊಂದಲ ಹುಟ್ಟಿಸುತ್ತಲೇ ಬಂದಿದೆ. ಕನ್ನಡದಲ್ಲಿ ಆ ತೊಂದರೆಯಿಲ್ಲ. 'ಉಚಿತ' ಬೇರೆ, 'ಸ್ವತಂತ್ರ' ಬೇರೆ. ಆದರೂ ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳನ್ನು ಕೇಳಿ ನೋಡಿ: ದುಡ್ಡು ಕೊಡದೆ ಸಿಕ್ಕಿದ್ದೆಲ್ಲ ಅವರಿಗೆ ಸ್ವತಂತ್ರ ತಂತ್ರಾಂಶವೇ!

ಈ ಪರಿಕಲ್ಪನೆಯನ್ನು ನಾನು ವಿವರಿಸುವುದು ಮಳೆ ಲೆಕ್ಕದಿಂದ. ಸಕಲೇಶಪುರದ ಕಾಫಿ ತೋಟಗಳಲ್ಲಿ ಮಳೆಮಾಪಕವಿಟ್ಟು, ಇಂದು ಇಷ್ಟು ಇಂಚು ಇಷ್ಟು ಸೆಂಟು ಎಂದು ಬರೆದಿಡುವ ರೂಢಿಯಿದೆ. ಒಬ್ಬ ಪ್ರಶಿಕ್ಷಣಾರ್ಥಿ ಒಂಬತ್ತನೇ ತರಗತಿಯ ಸಂಖ್ಯಾಶಾಸ್ತ್ರ ಪಾಠಕ್ಕೆ ಇಂಥ ಲೆಕ್ಕವನ್ನು ಲಿಬ್ರೆ ಆಫೀಸಿನ ಹಾಳೆಯಲ್ಲಿ ತುಂಬುತ್ತಾರೆ ಎಂದುಕೊಳ್ಳಿ. 2 ಇಂಚು 40 ಸೆಂಟು ಎಂದರೆ 2.40 ಇಂಚು. 25.4ರಿಂದ ಗುಣಿಸುವ ಸೂತ್ರ ಹಾಕಿದರೆ 60.96 ಮಿ.ಮೀ. ಎಂದು ಪಕ್ಕದ ಕೋಶದಲ್ಲಿ ಮೂಡುತ್ತದೆ. ಈ ಹಾಳೆಯನ್ನು ಯಾವ ಉದ್ದೇಶಕ್ಕಾದರೂ ಬಳಸಬಹುದು. ಸೂತ್ರವನ್ನು ತೆರೆದು ಲೆಕ್ಕ ಹೇಗೆ ನಡೆಯುತ್ತದೆಂದು ನೋಡಿ ತಿದ್ದಬಹುದು. ಪ್ರತಿ ಮಾಡಿ ಕೊಡಬಹುದು. ತಿದ್ದಿದ ಪ್ರತಿಯನ್ನೂ ಹಂಚಬಹುದು. ಸ್ವತಂತ್ರ ತಂತ್ರಾಂಶದ ನಾಲ್ಕು ಸ್ವಾತಂತ್ರ್ಯಗಳು ಇವೇ. ಹಾಳೆ ತಂತ್ರಾಂಶವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಆದರೆ ಮೂಲ ಸಂಕೇತವೆಂದರೆ ಏನು, ಅದು ಕೈಗೆ ಸಿಗದಿದ್ದರೆ ಏನಾಗುತ್ತದೆ ಎಂಬುದು ಆ ಸೂತ್ರದಿಂದ ತಿಳಿಯುವಷ್ಟು ಸುಲಭವಾಗಿ ವ್ಯಾಖ್ಯೆಯಿಂದ ತಿಳಿಯದು.

ಅದೇ ಪಾಠವನ್ನು ಆಲೂರಿಗೆ ಒಯ್ಯಿರಿ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತದೆ. ಅಲ್ಲಿನ ಶಿಕ್ಷಕರಿಗೆ ತಮ್ಮ ಊರಿನ ಅಂಕಿಗಳು ಬೇಕು, ಶುಂಠಿಯನ್ನೋ ಆಲೂಗೆಡ್ಡೆಯನ್ನೋ ನೆಟ್ಟ ವಾರದ ಕಾಲಂ ಬೇಕು. ಹಾಳೆ ಪಿಡಿಎಫ್ ಆಗಿ ತಲುಪಿದ್ದರೆ ಸೂತ್ರ ಮಾಯವಾಗಿರುತ್ತದೆ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ನಮ್ಮ ಹಂಚಿಕೆಯ ಪಠ್ಯಕ್ರಮಕ್ಕೂ ಇದೇ ಅನ್ವಯಿಸುತ್ತದೆ. ಒಂದು ಕಾಲೇಜು ಸಿದ್ಧಪಡಿಸಿ ಮುದ್ರಿಸಿದ್ದನ್ನು ಉಳಿದವು ಓದಿಸುತ್ತಾ ಹೋದರೆ ಅದು ವಿತರಣೆ, ಹಂಚಿಕೆಯಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಪಾಠಯೋಜನೆ, ಆ ಅಕ್ಷರಶೈಲಿಯಿಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಆದ್ದರಿಂದ ಮೊದಲ ಘಟಕದಲ್ಲೇ ಯೂನಿಕೋಡ್ ಬರಬೇಕು. ಇದನ್ನು ತಾಂತ್ರಿಕ ವಿವರವೆಂದು ಕೊನೆಗೆ ತಳ್ಳಿದರೆ ಉಳಿದ ಘಟಕಗಳೆಲ್ಲ ಕಾಗದದ ಮೇಲೆಯೇ ಉಳಿಯುತ್ತವೆ.

ನೀತಿಯ ಬೆಂಬಲಕ್ಕೆ ಕೊರತೆಯಿಲ್ಲ. ಶಾಲಾ ಶಿಕ್ಷಣದಲ್ಲಿ ಐಸಿಟಿ ಕುರಿತ 2012ರ ರಾಷ್ಟ್ರೀಯ ನೀತಿ ಸ್ವತಂತ್ರ ಹಾಗೂ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುತ್ತದೆ. ನಮ್ಮ ಡಿಎಸ್‌ಇಆರ್‌ಟಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ಸೇರಿ, ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಗಣಕಗಳಲ್ಲಿ ತರಬೇತಿ ಕೊಟ್ಟು, ಶಿಕ್ಷಕರೇ ಬರೆದು ತಿದ್ದುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳನ್ನು ಕಟ್ಟಿತು. ಎರಡು ವರ್ಷದ ಬಿ.ಎಡ್.ನಲ್ಲಿ 'ಐಸಿಟಿಯ ವಿಮರ್ಶಾತ್ಮಕ ತಿಳಿವಳಿಕೆ' ಎಂಬ ಭಾಗವೂ ಇದೆ. ಆದರೆ ಅಲ್ಲಿ ವಿಮರ್ಶೆ ಬಿಟ್ಟುಹೋಗಿ ಸ್ಲೈಡ್ ತಯಾರಿಕೆಯಷ್ಟೇ ಉಳಿಯುವುದೇ ಹೆಚ್ಚು. ಗಣಿತ ಶಿಕ್ಷಕರ ಮೆಚ್ಚಿನ ಜಿಯೋಜೀಬ್ರಾವನ್ನೇ ನೋಡಿ. ಉಚಿತವಾಗಿ ಸಿಗುತ್ತದೆ, ಆದರೆ ವಾಣಿಜ್ಯ ಬಳಕೆಗೆ ನಿರ್ಬಂಧವಿದೆ. ಪರವಾನಗಿಯ ಘಟಕಕ್ಕೆ ಇದಕ್ಕಿಂತ ಒಳ್ಳೆಯ ಚರ್ಚಾವಿಷಯ ಬೇಕೇ?

ಮೌಲ್ಯಮಾಪನದ ಬಗ್ಗೆ ನನ್ನ ಪ್ರಸ್ತಾವ ಹೀಗಿದೆ. ಅರ್ಧ ಅಂಕಗಳು ಲಿಖಿತ ಪರೀಕ್ಷೆಗಿರಲಿ. ಉಳಿದರ್ಧಕ್ಕೆ ಪ್ರತಿ ವಿದ್ಯಾರ್ಥಿ ಇನ್ನೊಂದು ಕಾಲೇಜಿನವರ ಪಾಠವನ್ನು ತೆಗೆದುಕೊಂಡು, ತನ್ನ ಶಾಲೆಗೆ ಹೊಂದುವಂತೆ ತಿದ್ದಿ, ಪಾಠ ಮಾಡಿ, ಏನನ್ನು ಏಕೆ ಬದಲಿಸಿದೆನೆಂಬ ಟಿಪ್ಪಣಿಯೊಂದಿಗೆ ಅವರಿಗೆ ಹಿಂತಿರುಗಿಸಬೇಕು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ನಮ್ಮ ಕಡೆ ಈ ವಿನಿಮಯ ಪೆನ್‌ಡ್ರೈವ್‌ನಲ್ಲೂ ನಡೆಯುವಂತಿರಬೇಕು.