ಕಾಫಿ ರೇಟು ಏರಿದಾಗ ಅವಸರ ಬೇಡ
ನಮ್ಮ ರೊಬಸ್ಟಾ ಬೆಲೆಗೆ ದಾರಿ ತೋರಿಸೋದು ಲಂಡನ್ ಮಾರುಕಟ್ಟೆ, ಅರೇಬಿಕಾಗೆ ನ್ಯೂಯಾರ್ಕ್. 2024ರಲ್ಲಿ ವಿಯೆಟ್ನಾಂ, ಬ್ರೆಜಿಲ್ ಎರಡೂ ಕಡೆ ಬರ ಬಂತು; ಇಲ್ಲಿ ಚೆರಿ ಮೂಟೆಯ ಬೆಲೆ ಏರಿತು. ಅಲ್ಲಿ ಫಸಲು ಹೆಚ್ಚಿದರೆ ಬೆಲೆ ಇಳಿಯಲೂಬಹುದು. 1990ರ ದಶಕದಲ್ಲಿ ವಿಯೆಟ್ನಾಂ ಕಾಫಿ ತೋಟಗಳನ್ನು ಭಾರಿ ವಿಸ್ತರಿಸಿತು. 2001ರ ಹೊತ್ತಿಗೆ ಜಗತ್ತಿನಾದ್ಯಂತ ಕಾಫಿ ಬೆಲೆ ನೆಲಕಚ್ಚಿತ್ತು. ಕೊಡಗು, ಚಿಕ್ಕಮಗಳೂರು, ಹಾಸನದ ಹಿರಿಯ ಬೆಳೆಗಾರರನ್ನು ಕೇಳಿದರೆ ಆ ದಿನಗಳ ಕಷ್ಟ ಹೇಳ್ತಾರೆ.

ರೇಟು ಚೆನ್ನಾಗಿದೆ ಅಂತ ಸಾಲ ಮಾಡಿ ಗದ್ದೆಗೆಲ್ಲ ಕಾಫಿ ಗಿಡ ನೆಡಬೇಡಿ. ಫಸಲು ಬರೋಕೆ ಮೂರ್ನಾಲ್ಕು ವರ್ಷ ಬೇಕು. ಆಗಿನ ರೇಟು ಯಾರಿಗೂ ಗೊತ್ತಿಲ್ಲ. ಬಂದ ಹಣದಲ್ಲಿ ಮೊದಲು ಹಳೆ ಸಾಲ ತೀರಿಸಿ. ಚೆರಿಯನ್ನು ಚೆನ್ನಾಗಿ ಒಣಗಿಸಿಟ್ಟು ಎರಡು-ಮೂರು ಕಂತಿನಲ್ಲಿ ಮಾರಿ. ಕಾಳುಮೆಣಸಿನ ಬಳ್ಳಿಯ ಆರೈಕೆ ಮಾತ್ರ ಬಿಡಬೇಡಿ. ಕಾಫಿ ಕೈಕೊಟ್ಟ ವರ್ಷ ಮನೆ ನಡೆಸೋದು ಅದೇ.