ಇಲಿ ಪಾಷಾಣ ಮತ್ತು ನಮ್ಮ ಯಕೃತ್ತು

ಅಡಿಕೆ ತೋಟದ ನಡುವೆ ಕೊಕ್ಕೋ ಹಾಕಿದವರಿಗೆ ಇಲಿಗಳ ಕಾಟವನ್ನು ನಾವು ವಿವರಿಸಬೇಕಾಗಿಲ್ಲ. ಕಾಯಿ ಹಣ್ಣಾಗುವಷ್ಟರಲ್ಲಿ ತೂತು ಬಿದ್ದಿರುತ್ತದೆ. ಹೀಗಾಗಿ ಇಲಿ ಪಾಷಾಣ ಇಲ್ಲದ ಬೆಳೆಗಾರರ ಮನೆ ಅಪರೂಪ. ಬೋರ್ಡೋ ದ್ರಾವಣ ಸಿಂಪಡಿಸುವಾಗ ಮೈಕೈಗೆ ತಾಗದಂತೆ ಎಚ್ಚರ ವಹಿಸುವ ನಾವು, ಟ್ಯೂಬಿನಲ್ಲಿ ಬರುವ ಈ ಪಾಷಾಣವನ್ನು ಮಾತ್ರ ಬಚ್ಚಲಿನ ಗೂಡಿನಲ್ಲಿಟ್ಟು ಮರೆತುಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ, ಕೊಯ್ಲಿನ ಸಮಯ. ನಮ್ಮ ಪರಿಚಿತರ ತೋಟದ ಕೊನೆಗಾರನೊಬ್ಬ ಕರೆಂಟಿಲ್ಲದ ನಸುಕಿನಲ್ಲಿ ಇಂಥ ಟ್ಯೂಬಿನಿಂದಲೇ ಹಲ್ಲುಜ್ಜಿದ. ಬಾಯಿ ಉರಿದು ವಾಂತಿಯಾಗಿ ಆಸ್ಪತ್ರೆಗೆ ಸೇರಿಸಿದರು. ಮಾರನೆಯ ದಿನ ಎದ್ದು ಕುಳಿತು ಗಂಜಿ ಕುಡಿದ. ಮೂರನೆಯ ದಿನ ಹಟ ಮಾಡಿ ಮನೆಗೆ ಬಂದ. ನೋಡಲು ಹೋದ ನಾವೂ ‘ಗಂಡಾಂತರ ಕಳೆಯಿತು’ ಎಂದೇ ಹೇಳಿ ಬಂದೆವು. ಐದನೆಯ ದಿನ ಕಣ್ಣು ಹಳದಿಯಾಯಿತು. ಆ ರಾತ್ರಿ ಅವನಿಗೆ ಹೆಂಡತಿಯ ಗುರುತೇ ಹತ್ತಲಿಲ್ಲ. ಏಳನೆಯ ದಿನ ತೀರಿಕೊಂಡ. ಆಗ ನಮಗೆ ತಿಳಿಯದಿದ್ದುದನ್ನು ಸದಸ್ಯ ಬಾಂಧವರಿಗೆ ತಿಳಿಸಲೆಂದೇ ಈ ಬರಹ.

ಯಕೃತ್ತು, ಅಂದರೆ ಲಿವರ್, ಹೊಟ್ಟೆಯ ಬಲಭಾಗದಲ್ಲಿ ಪಕ್ಕೆಲುಬಿನ ಮರೆಯಲ್ಲಿದೆ. ಪಿತ್ತರಸ ತಯಾರಿಸುವುದು ಅದರ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಹೆಚ್ಚಿನ ಅಂಶಗಳು ಇಲ್ಲಿಯೇ ಸಿದ್ಧವಾಗುತ್ತವೆ. ಉಪವಾಸದ ಹೊತ್ತಿಗೆ ಬೇಕಾದ ಸಕ್ಕರೆಯೂ ಇಲ್ಲಿ ಶೇಖರವಾಗಿರುತ್ತದೆ. ಕರುಳಿನಿಂದ ಬರುವ ಅಮೋನಿಯವನ್ನು ಯೂರಿಯಾ ಆಗಿ ಬದಲಿಸಿ ಮೂತ್ರದ ಮೂಲಕ ಹೊರಹಾಕಿಸುವುದೂ ಇದೇ. ಚೆನ್ನಾಗಿದ್ದ ಯಕೃತ್ತು ಕೆಲವೇ ದಿನ ಅಥವಾ ವಾರಗಳಲ್ಲಿ ಈ ಕೆಲಸಗಳನ್ನು ಕೈಬಿಟ್ಟರೆ ರಕ್ತ ಹೆಪ್ಪುಗಟ್ಟದು, ಅಮೋನಿಯ ಮಿದುಳಿಗೆ ಏರಿ ಬುದ್ಧಿ ಮಂಕಾಗುತ್ತದೆ, ಮಿದುಳು ಊದಿಕೊಳ್ಳುವುದೂ ಉಂಟು. ವರ್ಷಗಟ್ಟಲೆ ಕುಡಿದು ಯಕೃತ್ತು ಕೆಡಿಸಿಕೊಳ್ಳುವುದು ಬೇರೆ, ಇದು ಬೇರೆ. ಮದ್ಯ ಮುಟ್ಟದವರಿಗೂ ಬರುತ್ತದೆ.

ಟ್ಯೂಬಿನಲ್ಲಿ ಬರುವ ಪೇಸ್ಟಿನಲ್ಲಿರುವುದು ಸಾಮಾನ್ಯವಾಗಿ ಹಳದಿ ರಂಜಕ. ಹಿಂದೆ ಬೆಂಕಿಕಡ್ಡಿಗೆ ಬಳಸುತ್ತಿದ್ದ ಇದೇ ರಂಜಕದಿಂದ ಕಾರ್ಮಿಕರ ದವಡೆ ಕೊಳೆಯುತ್ತಿತ್ತೆಂದು 1906ರಲ್ಲಿ ಬರ್ನ್ ಒಪ್ಪಂದದ ಮೂಲಕ ಹಲವು ದೇಶಗಳು ಅದನ್ನು ಕಡ್ಡಿಪೆಟ್ಟಿಗೆಯಿಂದ ಹೊರಗಿಟ್ಟವು. ಇಲಿಯ ಹೆಸರಿನಲ್ಲಿ ಅದು ನಮ್ಮ ಮನೆಯೊಳಗೆ ಬಂದದ್ದು ವಿಚಿತ್ರವೇ ಸರಿ! ಹೊಟ್ಟೆಗೆ ಹೋದ ಮೊದಲ ದಿನ ಉರಿ, ವಾಂತಿ. ಆ ಉರಿ ತಣಿದಾಗ ರೋಗಿ ಗುಣವಾದಂತೆ ಕಾಣುತ್ತಾನೆ. ಆದರೆ ವಿಷ ಅಷ್ಟರಲ್ಲಿ ಯಕೃತ್ತನ್ನು ಸೇರಿ ಅದರ ಜೀವಕೋಶಗಳನ್ನು ಕೊಲ್ಲುತ್ತಿರುತ್ತದೆ. ಯಕೃತ್ತಿಗೆ ತಾಳುವ ಶಕ್ತಿ ಹೆಚ್ಚು. ದೊಡ್ಡ ಭಾಗ ಹಾಳಾಗುವವರೆಗೂ ಹೊರಗೆ ಏನೂ ತೋರದು. ನಮ್ಮ ಕೊನೆಗಾರ ಗಂಜಿ ಕುಡಿದದ್ದು ಈ ನಡುವಿನ ದಿನಗಳಲ್ಲಿ. ಆಗ ಸುಳಿವು ಕೊಡುವುದು ರಕ್ತಪರೀಕ್ಷೆ ಮಾತ್ರ, ಅದರಲ್ಲೂ ರಕ್ತ ಹೆಪ್ಪುಗಟ್ಟುವ ಕಾಲವನ್ನು ಅಳೆಯುವ ಪರೀಕ್ಷೆ. ಹಳದಿ ರಂಜಕಕ್ಕೆ ಪ್ರತಿವಿಷವಿಲ್ಲ. ಆದ್ದರಿಂದ ಲಕ್ಷಣ ಕಾಣುವ ಮೊದಲೇ ದೊಡ್ಡ ಆಸ್ಪತ್ರೆಯಲ್ಲಿ ಇರಬೇಕು. ವೈದ್ಯರು ಬಿಡುವ ತನಕ ಮನೆಗೆ ಕರೆತರಬಾರದು, ಕೊಯ್ಲು ಎಷ್ಟೇ ಬಾಕಿ ಇರಲಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಾಲು, ತುಪ್ಪ, ಎಣ್ಣೆಯೂ ಬೇಡ. ಟ್ಯೂಬನ್ನಾಗಲಿ ಪೊಟ್ಟಣವನ್ನಾಗಲಿ ತಪ್ಪದೆ ಜೊತೆಗೆ ಒಯ್ಯಿರಿ. ಪಾಷಾಣಗಳಲ್ಲಿ ಹಲವು ಜಾತಿ, ಚಿಕಿತ್ಸೆಯೂ ಬೇರೆ ಬೇರೆ. ಮನಸ್ಸು ಕೆಟ್ಟು ತಾವಾಗಿಯೇ ನುಂಗಿದವರ ವಿಷಯದಲ್ಲಿ ಮನೆಯವರು ಪೊಲೀಸರಿಗೆ ಹೆದರಿ ಸುಳ್ಳು ಹೇಳುವುದುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇಂಥವರನ್ನು ಶಿಕ್ಷಿಸಲು ಬಯಸುವುದಿಲ್ಲ, ಆರೈಕೆಯನ್ನೇ ಹೇಳುತ್ತದೆ. ವೈದ್ಯರಿಗೆ ನಿಜ ಹೇಳಿರಿ. ಅಂಥ ಯೋಚನೆ ಕಾಡುವವರು 14416ಕ್ಕೆ ಫೋನ್ ಮಾಡಿ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಇದೇ ಮೋಸದ ವಿರಾಮ ಕೆಲವು ಕಾಡಣಬೆಗಳಲ್ಲೂ ಇದೆ. ತಿಂದು ಆರು ಗಂಟೆಗೂ ಹೆಚ್ಚು ಕಳೆದ ಮೇಲೆ ವಾಂತಿಭೇದಿ, ಬಳಿಕ ಒಂದೆರಡು ದಿನ ನೆಮ್ಮದಿ, ಆಮೇಲೆ ಯಕೃತ್ತು. ಬೇಯಿಸಿದರೆ ಈ ವಿಷ ಹೋಗದು. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಕೂಡ ಮಿತಿಮೀರಿದರೆ ಹೀಗೆಯೇ. ವಯಸ್ಕರು 500 ಮಿಲಿಗ್ರಾಮಿನ ಮಾತ್ರೆಯನ್ನು ದಿನಕ್ಕೆ ಎಂಟಕ್ಕಿಂತ ಹೆಚ್ಚು ನುಂಗಬಾರದು, ಕುಡಿಯುವವರು ಇನ್ನೂ ಕಡಿಮೆ. ನೆಗಡಿಯ ಮಾತ್ರೆಗಳಲ್ಲೂ ಅದೇ ಔಷಧಿ ಇರುತ್ತದೆಂಬುದು ಹಲವರಿಗೆ ತಿಳಿದಿಲ್ಲ. ಇದಕ್ಕೆ ಮಾತ್ರ ಒಳ್ಳೆಯ ಪ್ರತಿವಿಷವಿದೆ. ಎಂಟು ಗಂಟೆಯೊಳಗೆ ಕೊಟ್ಟರೆ ಫಲ ಹೆಚ್ಚು.

ಕೊಳೆನೀರಿನಿಂದ ಬರುವ ಕಾಮಾಲೆ ಬಹುಪಾಲು ತಾನಾಗಿ ವಾಸಿಯಾಗುತ್ತದೆ, ನೆಲನೆಲ್ಲಿಗೆ ಕೀರ್ತಿ ಬಂದದ್ದೂ ಬಹುಶಃ ಹಾಗೆಯೇ. ಆದರೆ ಬಸುರಿಗೆ ಕಾಮಾಲೆಯಾದರೆ ಒಂದು ದಿನವೂ ಕಾಯಬಾರದು. ಯಾರಿಗೇ ಆಗಲಿ, ರಾತ್ರಿ ನಿದ್ದೆಯಿಲ್ಲದೆ ಹಗಲು ತೂಕಡಿಸಿದರೆ, ಅಸಂಬದ್ಧ ಮಾತನಾಡಿದರೆ, ವಸಡಿನಲ್ಲಿ ರಕ್ತ ಒಸರಿದರೆ ನಾಟಿ ಮದ್ದಿನ ಕಾಲ ಮುಗಿಯಿತೆಂದೇ ತಿಳಿಯಿರಿ.

ಇಲಿಗಳಿಗೆ ಬ್ರೋಮಾಡಿಯೋಲೋನ್ ಮೇಣದ ಬಿಲ್ಲೆಗಳಿವೆ. ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಬಾರಿ ಕೊಕ್ಕೋ ಗಿಡದ ಕೊಂಬೆಗಳಲ್ಲಿ ಇಡುತ್ತಾರೆ. ಅದೂ ವಿಷವೇ, ರಕ್ತಸ್ರಾವ ತರುತ್ತದೆ. ಆದರೆ ಅದಕ್ಕೆ ವಿಟಮಿನ್ ಕೆ ಎಂಬ ಮದ್ದು ಇದೆ. ಮನೆಯಲ್ಲಿ ಪೇಸ್ಟಿನ ಟ್ಯೂಬು ಇರುವವರು ಇಂದೇ ಅದನ್ನು ಬಚ್ಚಲಿನಿಂದ ತೆಗೆದು ಬೀಗವಿರುವ ಪೆಟ್ಟಿಗೆಗೆ ಸೇರಿಸಿ.